ಈರಿಯ ವಾಲೈಯೋ, ಮಿಷಿಗನ್‌ನ ಸಾಲ್ಮನ್ನೋ? ಹಿಡಿದ ಮೀನನ್ನು ಬಸುರಿ ತಿನ್ನಬಹುದಾ?

ಪ್ರಶ್ನೆ: ನಾವು ಮಿಷಿಗನ್ ರಾಜ್ಯದ ನೋವೈಯಲ್ಲಿದ್ದೇವೆ. ಊರು ಕುಂದಾಪುರದ ಹತ್ತಿರ. ನನಗೆ ನವೆಂಬರ್‌ನಲ್ಲಿ ಹೆರಿಗೆ. ಬಾಣಂತನಕ್ಕೆಂದು ಅಪ್ಪ ಅಮ್ಮ ಜುಲೈಗೇ ಬರುತ್ತಿದ್ದಾರೆ. ಅಪ್ಪನಿಗೆ 68 ವರ್ಷ. ಬಿ.ಪಿ. ಇದೆ, ಆದರೆ ಗಟ್ಟಿ ಆಳು, ಚಿಕ್ಕಂದಿನಿಂದ ಹೊಳೆಯಲ್ಲಿ ಗಾಳ ಹಾಕಿ ಬೆಳೆದವರು. ಅವರನ್ನು ಒಂದು ದಿನ, ಕ್ಯಾಪ್ಟನ್ ಸಮೇತ ಬಾಡಿಗೆಗೆ ಸಿಗುವ ಚಾರ್ಟರ್ ಬೋಟಿನಲ್ಲಿ ಮೀನು ಹಿಡಿಯಲು ಕರೆದುಕೊಂಡು ಹೋಗಬೇಕೆಂದು ನನ್ನ ಗಂಡನಿಗೆ ಆಸೆ. ಐದು ವರ್ಷದ ಮಗನೂ ಹೊರಟಿದ್ದಾನೆ. ಆದರೆ ಆಫೀಸಿನಲ್ಲಿ ಒಬ್ಬರು, "ಗ್ರೇಟ್ ಲೇಕ್ಸ್ ಎಂಬ ಇಲ್ಲಿಯ ದೊಡ್ಡ ಸರೋವರಗಳ ಮೀನೆಲ್ಲ ವಿಷ, ಬಸುರಿ ಮುಟ್ಟಲೇಬಾರದು" ಎಂದರು. ಇನ್ನೊಬ್ಬರು, "ನಾವು ವರ್ಷವಿಡೀ ತಿನ್ನುತ್ತೇವೆ, ಏನೂ ಆಗಿಲ್ಲ" ಎಂದರು. ಅರಿಶಿನ, ಉಪ್ಪು, ಹುಳಿ ಹಾಕಿ ಚೆನ್ನಾಗಿ ತೊಳೆದರೆ ಎಲ್ಲ ಹೋಗುತ್ತದೆ ಎನ್ನುವುದು ಅಮ್ಮನ ಮಾತು. ಈರಿ ಸರೋವರದ ವಾಲೈ ಮೀನಿಗೆ ಹೋಗಬೇಕಾ, ಮಿಷಿಗನ್ ಸರೋವರದ ಸಾಲ್ಮನ್‌ಗಾ? ತಂದ ಮೀನನ್ನು ನಾನು, ಮಗ ತಿನ್ನಬಹುದಾ? "ಕಡಲು ಕಂಡವನಿಗೆ ಕೆರೆ ಏನು ಮಹಾ" ಎನ್ನುವ ಅಪ್ಪನಿಗೆ ಏನು ಹೇಳಲಿ?

ಉತ್ತರ: ಅಪ್ಪನನ್ನು ಖಂಡಿತ ಕರೆದುಕೊಂಡು ಹೋಗಿ. ನಿಮ್ಮ ಮನೆಗೆ ಈ ವರ್ಷ ಸರಿಹೊಂದುವುದು ಈರಿ ಸರೋವರದ ಪಶ್ಚಿಮ ಭಾಗದ ವಾಲೈ. ಅದರಲ್ಲಿ ಚಿಕ್ಕ ಮೀನನ್ನು ನೀವೂ ಮಗನೂ ಲೆಕ್ಕವಿಟ್ಟುಕೊಂಡು ತಿನ್ನಬಹುದು. ಸಾಲ್ಮನ್ ಮುಂದಿನ ವರ್ಷಕ್ಕಿರಲಿ. ನೀವು ಮಾತ್ರ ಬೋಟು ಹತ್ತುವುದು ಬೇಡ ಎಂದು ನನ್ನ ಅಭಿಪ್ರಾಯ. ಅಲೆಯ ಮೇಲೆ ಬೋಟು ಎದ್ದು ಬೀಳುವಾಗ ಆಗುವ ಹೊಡೆತ ಐದು ತಿಂಗಳ ಬಸುರಿಗೆ ಒಳ್ಳೆಯದಲ್ಲ, ದಡಕ್ಕೆ ವಾಪಸು ಬರಲು ಒಂದು ತಾಸು ಬೇಕಾಗಬಹುದು. ನೀವೂ ಅಮ್ಮನೂ ಈರಿಯ ದಕ್ಷಿಣ ದಡದ ಒಹಾಯೋ ರಾಜ್ಯದಲ್ಲಿರುವ ಮಾರ್ಬಲ್‌ಹೆಡ್ ದೀಪಸ್ತಂಭದ ಕಡೆ ಹೋಗಿ ಬನ್ನಿ. 1822ರಿಂದ ಕೆಲಸ ಮಾಡುತ್ತಿರುವ ದೀಪ ಅದು, ಅಲ್ಲಿಂದ ಸರೋವರ ಚೆನ್ನಾಗಿ ಕಾಣುತ್ತದೆ.

ಈಗ ವಿಷದ ಮಾತು. ನಿಮ್ಮ ಆಫೀಸಿನ ಇಬ್ಬರೂ ಅರ್ಧ ಸರಿ. ಮೀನಿನಲ್ಲಿ ಬೇಡದ ರಾಸಾಯನಿಕಗಳು ಇರುವುದು ನಿಜ. ಆದರೆ ಎಲ್ಲ ಸರೋವರದಲ್ಲಿ, ಎಲ್ಲ ಜಾತಿಯಲ್ಲಿ, ಎಲ್ಲ ಗಾತ್ರದಲ್ಲಿ ಒಂದೇ ಸಮ ಇಲ್ಲ. "ಏನೂ ಆಗಿಲ್ಲ" ಎನ್ನುವವರಿಗೆ ನಾನು ಹೇಳುವುದಿಷ್ಟೇ: ಇದು ತಿಂದ ಕೂಡಲೇ ವಾಂತಿಭೇದಿ ಆಗುವ ವಿಷ ಅಲ್ಲ. ನಿಧಾನವಾಗಿ ಮೈಯಲ್ಲಿ ಸೇರುವಂಥದ್ದು. ಬೆಳೆಯುತ್ತಿರುವ ಮಿದುಳಿಗೆ ತೊಂದರೆ ಜಾಸ್ತಿ. ಹಾಗಾಗಿ 40 ವರ್ಷದ ಗಂಡಸಿನ ಅನುಭವ ನಿಮ್ಮ ಹೊಟ್ಟೆಯಲ್ಲಿರುವ ಮಗುವಿಗೆ ಅಳತೆಗೋಲು ಆಗುವುದಿಲ್ಲ.

ಮುಖ್ಯವಾದವು ಮೂರು. ಮೊದಲನೆಯದು ಪಾದರಸ. ಕಲ್ಲಿದ್ದಲು ಸುಟ್ಟ ಹೊಗೆಯಿಂದ, ಹಳೆಯ ಕಾರ್ಖಾನೆಗಳಿಂದ ನೀರಿಗೆ ಬಿದ್ದ ಪಾದರಸವನ್ನು ಕೆಸರಿನ ಬ್ಯಾಕ್ಟೀರಿಯಾಗಳು ಮೀಥೈಲ್ ಪಾದರಸವಾಗಿ ಬದಲಿಸುತ್ತವೆ. ಅದನ್ನು ಸಣ್ಣ ಹುಳ ತಿನ್ನುತ್ತದೆ, ಹುಳವನ್ನು ಸಣ್ಣ ಮೀನು, ಅದನ್ನು ದೊಡ್ಡ ಮೀನು. ಒಂದೊಂದು ಮೆಟ್ಟಿಲಿಗೂ ಪ್ರಮಾಣ ಏರುತ್ತದೆ. ಇದು ಸೇರುವುದು ಮಾಂಸದಲ್ಲೇ. ಅಮ್ಮನಿಗೆ ನಯವಾಗಿ ಹೇಳಿ: ಅರಿಶಿನ, ಉಪ್ಪು, ಹುಳಿ ಲೋಳೆ ತೆಗೆಯುತ್ತವೆ, ವಾಸನೆ ತೆಗೆಯುತ್ತವೆ, ಆ ಕೆಲಸಕ್ಕೆ ಅವು ಬೇಕೇ ಬೇಕು. ಪಾದರಸವನ್ನು ತೊಳೆದೂ ತೆಗೆಯಲಾಗುವುದಿಲ್ಲ, ಬೇಯಿಸಿಯೂ ತೆಗೆಯಲಾಗುವುದಿಲ್ಲ. ಚಿಕ್ಕ ಮೀನು ಆರಿಸುವುದು, ಕಡಿಮೆ ಸಲ ತಿನ್ನುವುದು, ಇವೆರಡೇ ದಾರಿ.

ಎರಡನೆಯದು ಪಿಸಿಬಿ. ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ, ಒಂದು ಕಾಲದ ಕಾಪಿ ಕಾಗದದಲ್ಲಿ ಬಳಸುತ್ತಿದ್ದ ರಾಸಾಯನಿಕ. ಅಮೆರಿಕದಲ್ಲಿ 1979ರಲ್ಲಿ ನಿಷೇಧವಾಯಿತು. ಆದರೆ ಕಲಮಜೂ ನದಿ, ಫಾಕ್ಸ್ ನದಿಯಂಥ ಕಡೆ ಕಾಗದದ ಮಿಲ್ಲುಗಳು ಬಿಟ್ಟಿದ್ದು ತಳದ ಕೆಸರಿನಲ್ಲಿ ಕೂತಿತು. ಅವೆರಡೂ ಮಿಷಿಗನ್ ಸರೋವರಕ್ಕೆ ಸೇರುವ ನದಿಗಳು. 1970ರ ದಶಕಕ್ಕೆ ಹೋಲಿಸಿದರೆ ಮೀನಿನಲ್ಲಿ ಪಿಸಿಬಿ ತುಂಬಾ ಇಳಿದಿದೆ, ಪೂರ್ತಿ ಹೋಗಿಲ್ಲ. ಇದು ಕೊಬ್ಬಿನಲ್ಲಿ ಸೇರುತ್ತದೆ. ಅದೇ ನಮಗೆ ಅನುಕೂಲ. ಚರ್ಮ, ಹೊಟ್ಟೆಯ ಅಂಚಿನ ಕೊಬ್ಬು, ಬೆನ್ನಿನ ಮೇಲಿನ ಕೊಬ್ಬು, ಪಕ್ಕೆಯ ಉದ್ದಕ್ಕೂ ಇರುವ ಕಪ್ಪು ಮಾಂಸ, ಇಷ್ಟನ್ನು ಕತ್ತರಿಸಿ ಬಿಸಾಡಿ, ಕೊಬ್ಬು ತೊಟ್ಟಿಕ್ಕುವ ಹಾಗೆ ಜಾಲರಿಯ ಮೇಲೆ ಸುಟ್ಟರೆ ಅರ್ಧದಷ್ಟು ಕಡಿಮೆಯಾಗಬಹುದು.

ಮೂರನೆಯದು ಪಿಎಫ್‌ಎಎಸ್. ಅಂಟದ ಬಾಣಲೆಯಿಂದ ಹಿಡಿದು ಬೆಂಕಿ ಆರಿಸುವ ನೊರೆಯವರೆಗೆ ಬಳಸಿದ್ದು. ಇದು ಕೊಬ್ಬಿನಲ್ಲಲ್ಲ, ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಚರ್ಮ ಸುಲಿದರೂ ಹೋಗುವುದಿಲ್ಲ.

ಇಷ್ಟು ಗೊತ್ತಾದರೆ ಯಾವ ಮೀನು ಎನ್ನುವ ಪ್ರಶ್ನೆ ಸುಲಭವಾಗುತ್ತದೆ. ವಾಲೈ ಕೊಬ್ಬಿಲ್ಲದ ಮೀನು. ನಮ್ಮ ಕಾಣೆಯ ಹಾಗೆ ಬಿಳಿ ಮಾಂಸ, ಮುಳ್ಳು ಕಡಿಮೆ, ವಾಸನೆ ಇಲ್ಲವೆಂದೇ ಹೇಳಬೇಕು. ಕೊಬ್ಬು ಕಡಿಮೆ ಇರುವುದರಿಂದ ಪಿಸಿಬಿ ಕಡಿಮೆ. ಪಾದರಸ ಇರುತ್ತದೆ, ಆದರೆ ಅದು ವಯಸ್ಸಿನ ಜೊತೆ ಏರುವುದು. ಜುಲೈ ಹೊತ್ತಿಗೆ ಈರಿಯ ದೊಡ್ಡ ವಾಲೈಗಳಲ್ಲಿ ಬಹಳಷ್ಟು ತಂಪು ನೀರು ಹುಡುಕಿಕೊಂಡು ಪೂರ್ವಕ್ಕೆ ಹೋಗಿರುತ್ತವೆ. ಪಶ್ಚಿಮದಲ್ಲಿ ಉಳಿಯುವುದು ಹೆಚ್ಚಾಗಿ ಎಳೆಯವು, 15ರಿಂದ 20 ಇಂಚಿನವು. ಫೋಟೋಗೆ ನಿಲ್ಲುವವರಿಗೆ ಬೇಸರ. ನಿಮಗೆ ಬೇಕಾದದ್ದು ಸರಿಯಾಗಿ ಅದೇ.

ಈರಿಯ ಚರಿತ್ರೆ ನೋಡಿದರೆ ಈ ಮೀನನ್ನು ಇವತ್ತು ನಂಬಿ ತಿನ್ನುವುದೇ ದೊಡ್ಡ ವಿಷಯ. 1960ರ ದಶಕದಲ್ಲಿ ಈ ಸರೋವರ ಸತ್ತುಹೋಯಿತು ಎಂದೇ ಪತ್ರಿಕೆಗಳು ಬರೆಯುತ್ತಿದ್ದವು. 1970ರಲ್ಲಿ ಪಾದರಸ ಸಿಕ್ಕಿತೆಂದು ಇಲ್ಲಿ ವಾಲೈ ಹಿಡಿಯುವುದನ್ನೇ ನಿಲ್ಲಿಸಿದ್ದರು. 1972ರಲ್ಲಿ ಅಮೆರಿಕ, ಕೆನಡಾ ಸೇರಿ ನೀರಿನ ಗುಣಮಟ್ಟದ ಒಪ್ಪಂದ ಮಾಡಿಕೊಂಡವು, ಕೊಳಚೆ ಬಿಡುವುದಕ್ಕೆ ಕಡಿವಾಣ ಬಿತ್ತು. ಈಗ ಒಹಾಯೋ ದಡದ ಪೋರ್ಟ್ ಕ್ಲಿಂಟನ್ ಊರು ತನ್ನನ್ನು ಜಗತ್ತಿನ ವಾಲೈ ರಾಜಧಾನಿ ಎಂದು ಕರೆದುಕೊಳ್ಳುತ್ತದೆ. ಈ ಮೀನು ಮರಿ ಸಾಕುವ ಕೇಂದ್ರದಲ್ಲಿ ಹುಟ್ಟಿದ್ದಲ್ಲ. ಮಾಮೀ, ಸ್ಯಾಂಡಸ್ಕಿ ನದಿಗಳಲ್ಲಿ, ಸರೋವರದೊಳಗಿನ ಕಲ್ಲುದಿಬ್ಬಗಳ ಮೇಲೆ ತಾನೇ ಮೊಟ್ಟೆಯಿಟ್ಟು ಬೆಳೆಯುವಂಥದ್ದು. ಒಂದು ಸರೋವರವನ್ನು ಜನ ಮನಸ್ಸು ಮಾಡಿ ಉಳಿಸಿಕೊಂಡದ್ದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಸಾಲ್ಮನ್ ಕಥೆ ಬೇರೆ. ಗ್ರೇಟ್ ಲೇಕ್ಸ್‌ನ ಸಾಲ್ಮನ್ ನಿಜವಾದ ಸಾಲ್ಮನ್ ಅಲ್ಲ, ಸಾಕಿದ್ದು ಎಂದು ಕೆಲವರು ಹೇಳುತ್ತಾರೆ. ಅದು ಸರಿಯಲ್ಲ. ಜಾತಿ ಅದೇ, ಪೆಸಿಫಿಕ್ ಕಡಲಿನ ಕೋಹೋ ಮತ್ತು ಚಿನೂಕ್. 1966ರಲ್ಲಿ ಕೋಹೋ ಮರಿಗಳನ್ನು, 1967ರಲ್ಲಿ ಚಿನೂಕ್ ಮರಿಗಳನ್ನು ಮಿಷಿಗನ್ ರಾಜ್ಯ ತನ್ನ ನದಿಗಳಿಗೆ ಬಿಟ್ಟಿತು. ಕಾರಣ ಇತ್ತು. ಹಡಗುಗಳಿಗೆಂದು ತೋಡಿದ ವೆಲ್ಯಾಂಡ್ ಕಾಲುವೆಯ ದಾರಿಯಲ್ಲಿ ಸಮುದ್ರದ ಲ್ಯಾಂಪ್ರೇ ಎಂಬ ರಕ್ತ ಹೀರುವ ಜೀವಿ ಮೇಲಿನ ಸರೋವರಗಳಿಗೆ ನುಗ್ಗಿ ಅಲ್ಲಿಯದೇ ಆದ ಲೇಕ್ ಟ್ರೌಟ್ ಮೀನನ್ನು ಬಹುಪಾಲು ಮುಗಿಸಿತ್ತು. ತಿನ್ನುವವರೇ ಇಲ್ಲದೆ ಏಲ್‌ವೈಫ್ ಎಂಬ ಸಣ್ಣ ಮೀನು ಮಿತಿಮೀರಿ ಹೆಚ್ಚಿತು. ನಮ್ಮ ಬೂತಾಯಿಯ ದೂರದ ನೆಂಟ ಅದು. 1967ರ ಬೇಸಿಗೆಯಲ್ಲಿ ಅವು ರಾಶಿರಾಶಿ ಸತ್ತು ಮಿಷಿಗನ್ ಸರೋವರದ ದಡಗಳೆಲ್ಲ ನಾರಿದವು. ಅದಕ್ಕೂ ಮೊದಲೇ ರಾಜ್ಯದ ಮೀನುಗಾರಿಕೆ ವಿಭಾಗದ ಆಗಿನ ಮುಖ್ಯಸ್ಥ ಹೋವರ್ಡ್ ಟ್ಯಾನರ್, ಇಷ್ಟು ಮೀನನ್ನು ತಿನ್ನಲು ಸಾಲ್ಮನ್ ತರೋಣ ಎಂದಿದ್ದರು. ಅದು ಫಲಿಸಿತು. ಇವತ್ತಿನ ಚಾರ್ಟರ್ ಬೋಟಿನ ಉದ್ಯಮದ ಬೇರು ಅಲ್ಲಿದೆ. ಈಗ ಮಿಷಿಗನ್ ಸರೋವರದ ಚಿನೂಕ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ನದಿಯಲ್ಲೇ ಹುಟ್ಟಿದವು. ಏಲ್‌ವೈಫ್ ಉಳಿದರೆ ಮಾತ್ರ ಸಾಲ್ಮನ್ ಉಳಿಯುತ್ತದೆ. ಹ್ಯೂರಾನ್ ಸರೋವರದಲ್ಲಿ 2003–04ರ ಸುಮಾರಿಗೆ ಏಲ್‌ವೈಫ್ ಕುಸಿದವು, ಅದರ ಹಿಂದೆಯೇ ಚಿನೂಕ್ ಕೂಡ.

ಊಟದ ದೃಷ್ಟಿಯಿಂದ ನೋಡಿದರೆ ಸಾಲ್ಮನ್ ಕೊಬ್ಬಿನ ಮೀನು, ಅದೂ ಪಿಸಿಬಿ ಇರುವ ಸರೋವರದ್ದು. ಮೂರು ನಾಲ್ಕು ವರ್ಷ ಮಾತ್ರ ಬದುಕುವುದರಿಂದ, ಇಪ್ಪತ್ತು ವರ್ಷ ದಾಟುವ ಲೇಕ್ ಟ್ರೌಟ್‌ನಷ್ಟು ಸೇರಿಸಿಕೊಳ್ಳುವುದಿಲ್ಲ. ಆದರೂ ಮಿಷಿಗನ್ ಸರೋವರದ ದೊಡ್ಡ ಸಾಲ್ಮನ್‌ಗೆ ಸರ್ಕಾರಿ ಸಲಹೆಗಳು ಸಾಮಾನ್ಯವಾಗಿ ತಿಂಗಳಿಗೊಂದು ಊಟ, ಅಥವಾ ಇನ್ನೂ ಕಡಿಮೆ ಎನ್ನುತ್ತವೆ. ಅಪ್ಪ, ಅಮ್ಮ, ನಿಮ್ಮ ಗಂಡ ತಿನ್ನಲಿ. ನೀವು ಈ ವರ್ಷ ಬಿಟ್ಟುಬಿಡಿ. ಅಂಗಡಿಯ ಸಾಲ್ಮನ್‌ಗೆ ಈ ಮಾತು ಅನ್ವಯಿಸುವುದಿಲ್ಲ. ಅದು ಬಸುರಿಯರಿಗೆ ಒಳ್ಳೆಯ ಮೀನುಗಳ ಪಟ್ಟಿಯಲ್ಲೇ ಇದೆ.

ಲೆಕ್ಕ ಇಡುವುದು ಹೇಗೆ? ಮಿಷಿಗನ್ ಆರೋಗ್ಯ ಇಲಾಖೆ 'ಈಟ್ ಸೇಫ್ ಫಿಶ್' ಎಂಬ ಮಾರ್ಗದರ್ಶಿಯನ್ನು ಉಚಿತವಾಗಿ ಕೊಡುತ್ತದೆ. ಒಹಾಯೋದ್ದು ಬೇರೆ ಇದೆ. ಸರೋವರ, ಜಾತಿ, ಇಂಚು, ಮೂರನ್ನೂ ನೋಡಿ ಎಷ್ಟು ಸಲ ತಿನ್ನಬಹುದೆಂದು ತಿಳಿಯಬೇಕು. ಎರಡು ರಾಜ್ಯದ ಲೆಕ್ಕ ಹೊಂದದಿದ್ದರೆ ಕಡಿಮೆ ಇರುವುದನ್ನು ಹಿಡಿಯಿರಿ. ದೊಡ್ಡವರ ಒಂದು ಊಟ ಎಂದರೆ ಹಸಿಯಾಗಿ ಸುಮಾರು 225 ಗ್ರಾಂ. ಮಗನಿಗೆ ಅದರಲ್ಲಿ ಮೂರನೇ ಒಂದು ಭಾಗ ಸಾಕು. ಸರೋವರದ ಮೀನು ತಿಂದ ವಾರ ಬೇರೆ ಮೀನು ಬೇಡ. ಹಾಗಂತ ಹೆದರಿ ಮೀನನ್ನೇ ಬಿಡಬೇಡಿ. ಪಾದರಸ ಕಡಿಮೆಯಿರುವ ಮೀನನ್ನು ವಾರಕ್ಕೆ 225ರಿಂದ 340 ಗ್ರಾಂ ತಿನ್ನಿ ಎಂದೇ ಇಲ್ಲಿಯ ಆಹಾರ ಇಲಾಖೆ ಬಸುರಿಯರಿಗೆ ಹೇಳುತ್ತದೆ. ಮಗುವಿನ ಮಿದುಳಿಗೆ ಬೇಕಾದ ಕೊಬ್ಬಿನಂಶ ಅದರಲ್ಲಿದೆ.

ನೀವು ಕೇಳದ ಒಂದು ಮಾತು ಇಲ್ಲಿ ಹೇಳಲೇಬೇಕು. ಕರಾವಳಿಯ ಮನೆಗಳಲ್ಲಿ ಸರೋವರದ ಮೀನಿಗೆ ಹೆದರುತ್ತಾರೆ, ಇಂಡಿಯನ್ ಅಂಗಡಿಯ ಫ್ರೋಜನ್ ಅಂಜಲ್ ಮಾತ್ರ ಪ್ರತಿ ಭಾನುವಾರ ಬೇಯುತ್ತಿರುತ್ತದೆ. ಅಂಜಲ್‌ಗೆ ತೀರಾ ಹತ್ತಿರದ ಸಂಬಂಧಿಯಾದ ಕಿಂಗ್ ಮ್ಯಾಕೆರೆಲ್ ಬಸುರಿಯರು ತಿನ್ನಲೇಬಾರದ ಮೀನುಗಳ ಪಟ್ಟಿಯಲ್ಲಿದೆ. ಎರಡೂ ದೊಡ್ಡ ಬೇಟೆಗಾರ ಮೀನುಗಳೇ ಅಲ್ವಾ. ಹೆರಿಗೆಯಾಗಿ ಎದೆಹಾಲು ಬಿಡಿಸುವ ತನಕ ಅಂಜಲ್ ಕಡಿಮೆ ಮಾಡಿ, ಬೂತಾಯಿ ಜಾಸ್ತಿ ಮಾಡಿ.

ಇನ್ನು ಅಡುಗೆ. ಬೋಟು ದಡಕ್ಕೆ ಬಂದ ಮೇಲೆ ಮೀನು ಕತ್ತರಿಸಿಕೊಡುವ ಶೆಡ್‌ಗಳಿರುತ್ತವೆ. ಅಲ್ಲಿಯ ರೂಢಿಯಂತೆ ತಲೆ, ಮುಳ್ಳು ಎಲ್ಲ ಡಬ್ಬಿಗೆ ಹೋಗುತ್ತದೆ, ನಿಮ್ಮ ಕೈಗೆ ಬರುವುದು ಚರ್ಮವಿಲ್ಲದ ತುಂಡು ಮಾತ್ರ. ಅಮ್ಮನಿಗೆ ಹೊಟ್ಟೆ ಉರಿಯುತ್ತದೆ, ನನಗೆ ಗೊತ್ತು. ಸಾಲ್ಮನ್ ತಲೆ ಕೇಳಬೇಡಿ. ಕೊಬ್ಬು ಅಲ್ಲೇ ಇರುವುದು. ಸಾರು ಮಾಡಿದರೆ ಆ ಕೊಬ್ಬೆಲ್ಲ ಸಾರಿನಲ್ಲೇ ಉಳಿಯುತ್ತದೆ. ಸಾಲ್ಮನ್ ಆದರೆ ಚರ್ಮ ತೆಗೆದು ಮಸಾಲೆ ಸವರಿ ಗ್ರಿಲ್ ಮಾಡಿ, ತೊಟ್ಟಿಕ್ಕಿದ್ದನ್ನು ಚೆಲ್ಲಿ. ವಾಲೈಯ ತುಂಡು ಗಸಿಗೂ ಆಗುತ್ತದೆ, ತವಾ ಫ್ರೈಗೂ ಆಗುತ್ತದೆ, ಬೇಗ ಒಡೆಯುವುದರಿಂದ ಗಸಿಗೆ ಕೊನೆಯಲ್ಲಿ ಹಾಕಬೇಕು. ವಾಲೈಯ ಕೆನ್ನೆಯ ಮಾಂಸವನ್ನು ತೆಗೆದುಕೊಡಿ ಎಂದು ಕೇಳಿ. ನಾಣ್ಯದಷ್ಟು ಚಿಕ್ಕದು, ಆದರೆ ಮೀನಿನಲ್ಲಿ ಅತಿ ರುಚಿಯ ಭಾಗ. ಹಸಿ ಅಥವಾ ಅರೆಬೆಂದದ್ದು ಬೇಡವೇ ಬೇಡ, ಸಿಹಿನೀರಿನ ಮೀನಿನಲ್ಲಿ ಲಾಡಿಹುಳು ಇರಬಹುದು. ಪಶ್ಚಿಮ ಈರಿಯಲ್ಲಿ ಜುಲೈ ಕೊನೆಯಿಂದ ಹಸಿರು ಪಾಚಿ ಏಳುತ್ತದೆ. 2014ರ ಆಗಸ್ಟ್‌ನಲ್ಲಿ ಅದರ ವಿಷ ಟೊಲೀಡೊ ನಗರದ ಕುಡಿಯುವ ನೀರಿಗೇ ಸೇರಿ, ನಲ್ಲಿ ನೀರು ಕುಡಿಯಬೇಡಿ ಎಂದು ಸಾರಿದ್ದರು. ಆ ವಿಷ ಮುಖ್ಯವಾಗಿ ಮೀನಿನ ಲಿವರ್‌ನಂಥ ಒಳಗಿನ ಅಂಗಗಳಲ್ಲಿ ಸೇರುತ್ತದೆ. ಹಾಗಾಗಿ ಒಳಭಾಗ ಏನನ್ನೂ ತಿನ್ನಬೇಡಿ, ತುಂಡುಗಳನ್ನು ಶುದ್ಧ ನೀರಿನಲ್ಲಿ ತೊಳೆಯಿರಿ, ಹಸಿರು ಕಂಡ ಕಡೆ ಮಗ ಕೈ ಅದ್ದದಂತೆ ನೋಡಿಕೊಳ್ಳಿ. ಸಾಧ್ಯವಾದರೆ ಜುಲೈ ಮೊದಲ ಎರಡು ವಾರದಲ್ಲೇ ಹೋಗಿಬಿಡಿ.

ಅಪ್ಪನ ವಿಷಯಕ್ಕೆ ಬರುತ್ತೇನೆ. ಅವರಿಗೆ ಸಾಲ್ಮನ್ ಬೋಟಿಗಿಂತ ವಾಲೈ ಬೋಟೇ ಇಷ್ಟವಾಗುತ್ತದೆ ಎಂದು ನಾನು ಹೇಳಲು ಕಾರಣ ಇದೆ. ಬೇಸಿಗೆಯಲ್ಲಿ ಸರೋವರದ ಮೇಲಿನ ನೀರು ಬಿಸಿಯಾಗಿ, ಕೆಳಗಿನ ತಣ್ಣೀರಿನ ಮೇಲೆ ಪದರವಾಗಿ ಕೂರುತ್ತದೆ. ಚಿನೂಕ್‌ಗೆ ಬೇಕಾದದ್ದು 10ರಿಂದ 13 ಡಿಗ್ರಿ ಸೆಲ್ಸಿಯಸ್‌ನ ನೀರು. ಅದು ಎಷ್ಟೋ ಸಲ ನೂರು ಅಡಿ ಕೆಳಗಿರುತ್ತದೆ. ಅಲ್ಲಿಗೆ ಗಾಳ ಇಳಿಸಲು ಡೌನ್‌ರಿಗ್ಗರ್ ಎಂಬ ತಂತಿ ಮತ್ತು ಭಾರದ ಗುಂಡು ಬೇಕು. ಬೋಟು ನಿಧಾನವಾಗಿ ಓಡುತ್ತಲೇ ಇರುತ್ತದೆ (ಇದಕ್ಕೇ ಟ್ರೋಲಿಂಗ್ ಎನ್ನುವುದು), ಹತ್ತಾರು ರಾಡ್‌ಗಳು ಹಿಡಿಕೆಯಲ್ಲಿ ನಿಂತಿರುತ್ತವೆ, ಕಟ್ಟುವುದು ಬಿಡುವುದು ಎಲ್ಲ ಬೋಟಿನ ಹುಡುಗನದ್ದೇ. ಮೀನು ಕಚ್ಚಿದ ಮೇಲೆ ರಾಡ್ ನಿಮ್ಮ ಕೈಗೆ ಬರುತ್ತದೆ. ಹತ್ತು ಕೆ.ಜಿ.ಯ ಮೀನು ಎಳೆಯುವ ಸುಖ ದೊಡ್ಡದು, ನಿಜ. ಆದರೆ ಕೈಯಲ್ಲಿ ದಾರ ಹಿಡಿದು, ಮೀನು ಮುಟ್ಟಿದ್ದನ್ನು ಬೆರಳಲ್ಲಿ ತಿಳಿದವರಿಗೆ ಆ ಕಾಯುವಿಕೆ ಬೇಸರ ತರುತ್ತದೆ. ಈರಿಯ ಪಶ್ಚಿಮ ಭಾಗ ಸರಾಸರಿ 24 ಅಡಿಯಷ್ಟೇ ಆಳ. ಅಲ್ಲಿ ಕೆಲವು ಕ್ಯಾಪ್ಟನ್‌ಗಳು ಇಂಜಿನ್ ನಿಲ್ಲಿಸಿ, ಬೋಟನ್ನು ಗಾಳಿಗೆ ತೇಲಿಬಿಟ್ಟು, ಎಲ್ಲರ ಕೈಗೂ ಎರೆಹುಳದ ಗಾಳ ಕೊಡುತ್ತಾರೆ. ಬುಕ್ ಮಾಡುವಾಗ "ಡ್ರಿಫ್ಟ್ ಮಾಡಿ ಕಾಸ್ಟ್ ಮಾಡುವ ಟ್ರಿಪ್ ಇದೆಯಾ, ಬರೀ ಟ್ರೋಲಿಂಗಾ" ಎಂದು ಕೇಳಿ. ಅಪ್ಪನ ಮಟ್ಟಿಗೆ ಮುಖ್ಯ ಪ್ರಶ್ನೆ ಅದೇ.

"ಕೆರೆ ಏನು ಮಹಾ" ಎನ್ನುವ ಮಾತನ್ನು ಮಾತ್ರ ಒಪ್ಪಬೇಡಿ. ಅರಬ್ಬೀ ಕಡಲಿನ ಅಲೆ ಉದ್ದ, ಒಂದಕ್ಕೂ ಇನ್ನೊಂದಕ್ಕೂ ನಡುವೆ ದೋಣಿಗೆ ಉಸಿರಾಡಲು ಸಮಯ ಇರುತ್ತದೆ. ಈರಿ ಆಳವಿಲ್ಲದ ಕಾರಣ ಅಲೆ ಗಿಡ್ಡ, ಕಡಿದು, ಒಂದರ ಹಿಂದೆ ಒಂದು. ಗಾಳಿ ಬದಲಾದ ಅರ್ಧ ಗಂಟೆಯಲ್ಲಿ ನೀರು ಕೆರಳಬಹುದು. 1967ರ ಸೆಪ್ಟೆಂಬರ್ 23ರಂದು ಮಿಷಿಗನ್ ಸರೋವರದ ಪ್ಲ್ಯಾಟ್ ಕೊಲ್ಲಿಯಲ್ಲಿ, ಕೋಹೋ ಹಿಡಿಯಲು ಸಣ್ಣ ದೋಣಿಗಳಲ್ಲಿ ಮುಗಿಬಿದ್ದಿದ್ದವರಲ್ಲಿ ಏಳು ಜನ ಬಿರುಗಾಳಿಗೆ ಸಿಕ್ಕಿ ತೀರಿಕೊಂಡರು. ಹವಾಮಾನದ ಎಚ್ಚರಿಕೆ ಇತ್ತು, ಮೀನಿನ ಆಸೆ ದೊಡ್ಡದಾಗಿತ್ತು. ಬೆಳಿಗ್ಗೆ ಐದು ಗಂಟೆಗೆ ಕ್ಯಾಪ್ಟನ್ "ಇವತ್ತು ಬೇಡ" ಎಂದರೆ ವಾದ ಮಾಡಬೇಡಿ, ಅಂಥವನನ್ನೇ ಮತ್ತೆ ಬುಕ್ ಮಾಡಿ. ಮುಂಗಡ ವಾಪಸು ಬರುತ್ತದೋ, ಬೇರೆ ದಿನ ಕೊಡುತ್ತಾರೋ ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ಬೋಟು ನಡೆಸುವವರಿಗೆ ಕೋಸ್ಟ್ ಗಾರ್ಡ್ ಲೈಸೆನ್ಸ್ ಇರಲೇಬೇಕು. ಸಾಮಾನ್ಯ ಚಾರ್ಟರ್ ಬೋಟು ಹಣ ಕೊಟ್ಟ ಆರು ಜನರಿಗಿಂತ ಹೆಚ್ಚು ಹತ್ತಿಸಿಕೊಳ್ಳುವಂತಿಲ್ಲ, ಮಗುವೂ ಆ ಲೆಕ್ಕದಲ್ಲಿ ಬರುತ್ತದೆ. ಮಗನ ಅಳತೆಯ ಲೈಫ್ ಜಾಕೆಟ್ ಮನೆಯಲ್ಲೇ ಹಾಕಿ ನೋಡಿ, ದಡ ಬಿಟ್ಟಾಗಿನಿಂದ ದಡ ಮುಟ್ಟುವವರೆಗೂ ಅದು ಮೈಮೇಲೆ ಇರಲಿ. ಐದು ವರ್ಷದವನಿಗೆ ಇಡೀ ದಿನ ಜಾಸ್ತಿಯಾಯಿತು, ಅರ್ಧ ದಿನದ ಟ್ರಿಪ್ ಹುಡುಕಿ. ಶೌಚಾಲಯ ಇದೆಯಾ ಎಂದೂ ಕೇಳಿ, ಬಿ.ಪಿ. ಮಾತ್ರೆಗಳಲ್ಲಿ ಕೆಲವು ಮೂತ್ರ ಜಾಸ್ತಿ ಮಾಡುತ್ತವೆ. ವಾಕರಿಕೆಗೆ ಇಲ್ಲಿ ಮೆಕ್ಲಿಜಿನ್ ಮಾತ್ರೆ ಡಾಕ್ಟರ ಚೀಟಿ ಇಲ್ಲದೆಯೇ ಸಿಗುತ್ತದೆ. ಹತ್ತುವುದಕ್ಕೆ ಒಂದು ತಾಸು ಮೊದಲು ತೆಗೆದುಕೊಂಡರೆ ಮಾತ್ರ ಕೆಲಸ ಮಾಡುತ್ತದೆ. ಆದರೆ ಅಪ್ಪನಿಗೆ ಗ್ಲಾಕೋಮಾ ಅಥವಾ ಪ್ರಾಸ್ಟೇಟ್ ತೊಂದರೆ ಇದ್ದರೆ ಅದು ಆಗಿಬರುವುದಿಲ್ಲ. ಊರಿನ ಡಾಕ್ಟರ್ ಹತ್ತಿರ ಹೊರಡುವ ಮೊದಲೇ ಕೇಳಿಕೊಂಡು ಬರಲಿ. ಬುತ್ತಿಗೆ ಇಡ್ಲಿ, ಚಪಾತಿ ಏನಾದರೂ ಇರಲಿ, ಬಾಳೆಹಣ್ಣು ಬೇಡ. ಬೋಟಿನಲ್ಲಿ ಬಾಳೆಹಣ್ಣು ಇದ್ದರೆ ಮೀನು ಸಿಗುವುದಿಲ್ಲ ಎಂಬ ನಂಬಿಕೆ ಇಲ್ಲಿಯ ಎಷ್ಟೋ ಕ್ಯಾಪ್ಟನ್‌ಗಳಿಗೆ ಗಟ್ಟಿಯಾಗಿದೆ, ಅವರ ಮನಸ್ಸು ನೋಯಿಸುವುದೇಕೆ.

ಲೈಸೆನ್ಸ್ ದೊಡ್ಡ ಕೆಲಸವಲ್ಲ. ಮಿಷಿಗನ್ ರಾಜ್ಯದ ಮನ್ರೋ ಊರಿನ ಕಡೆಯಿಂದ ಹೊರಟು ಈರಿಯಲ್ಲಿ ಆ ರಾಜ್ಯದ ಪಾಲಿನ ನೀರಿನಲ್ಲೇ ಹಿಡಿದರೆ ಮಿಷಿಗನ್‌ದು, ಪೋರ್ಟ್ ಕ್ಲಿಂಟನ್‌ಗೆ ಹೋದರೆ ಒಹಾಯೋದ್ದು. ಅಪ್ಪನಿಗೆ ಒಂದು ದಿನದ್ದು ಸಾಕು, ಪಾಸ್‌ಪೋರ್ಟ್ ಜೊತೆಗಿರಲಿ. ಒಹಾಯೋದಲ್ಲಿ ಒಬ್ಬರಿಗೆ ದಿನಕ್ಕೆ ಆರು ವಾಲೈ, 15 ಇಂಚಿಗಿಂತ ಚಿಕ್ಕದು ಇಟ್ಟುಕೊಳ್ಳುವಂತಿಲ್ಲ. ನಿಯಮ ಬದಲಾಗುತ್ತಿರುತ್ತದೆ, ಹೋಗುವ ವಾರ ಮತ್ತೊಮ್ಮೆ ನೋಡಿ. ಆರು ಹಿಡಿಯಬಹುದು ಎಂದರೆ ಆರೂ ಹಿಡಿಯಲೇಬೇಕು ಅಂತಲ್ಲ. ನಿಮ್ಮ ಮನೆಗೆ ಒಟ್ಟು ಏಳೆಂಟು ಮೀನು ಧಾರಾಳವಾಯಿತು. ಬೇಸಿಗೆಯ ಬಿಸಿ ನೀರಿನಲ್ಲಿ ಹಿಡಿದು ಬಿಟ್ಟ ಮೀನು ಎಷ್ಟೋ ಸಲ ಬದುಕುವುದಿಲ್ಲ. ಸಾಕು ಅನ್ನಿಸಿದಾಗ ಗಾಳ ಮೇಲೆತ್ತಿ, ಹಿಡಿದು ಹಿಡಿದು ಬಿಡಬೇಡಿ. ದಿನ ಮುಗಿದ ಮೇಲೆ ಬೋಟಿನ ಹುಡುಗನಿಗೆ ಬಾಡಿಗೆಯ ನೂರಕ್ಕೆ 15ರಿಂದ 20ರಷ್ಟು ಟಿಪ್ ಕೊಡುವುದು ರೂಢಿ. ಬಜೆಟ್ಟಿನಲ್ಲಿ ಅದನ್ನೂ ಸೇರಿಸಿ.

ಉಳಿದ ಮೀನನ್ನು ಒಂದೊಂದು ಊಟದ ಅಳತೆಗೆ, ಗಾಳಿ ಹೋಗದಂತೆ ಪ್ಯಾಕ್ ಮಾಡಿ ಫ್ರೀಜರ್‌ಗೆ ಹಾಕಿ. ಕೊಬ್ಬಿಲ್ಲದ ವಾಲೈ ಆರು ತಿಂಗಳು ಚೆನ್ನಾಗಿರುತ್ತದೆ. ಸಾಲ್ಮನ್ ಎರಡು ಮೂರು ತಿಂಗಳಲ್ಲೇ ಕನರುತ್ತದೆ. ಪ್ಯಾಕೆಟ್ ಮೇಲೆ ಮೀನಿನ ಹೆಸರು, ಸರೋವರದ ಹೆಸರು, ಇಂಚು, ತಾರೀಖು ಬರೆಯಿರಿ. ನವೆಂಬರ್‌ನಲ್ಲಿ ಅಡುಗೆಮನೆ ಅಮ್ಮನ ಕೈಯಲ್ಲಿರುತ್ತದೆ, ಬಾಣಂತಿಗೆ ಹಾಕುವ ತುಂಡು ಯಾವುದೆಂದು ಅವರಿಗೆ ನೋಡಿದ ಕೂಡಲೇ ತಿಳಿಯಬೇಕು.